ಓಡಿದರೂ ಇಳಿಯದ ತೂಕ

ನನ್ನ ಹೆಂಡತಿ ಕದ್ದು ತಿನ್ನುತ್ತಾಳೆ ಎಂದು ನಾನು ಹತ್ತಿರ ಹತ್ತಿರ ಎರಡು ವರ್ಷ ನಂಬಿದ್ದೆ.

ಆಗ ನಾವು ಗುಬ್ಬಿಯಲ್ಲಿದ್ದೆವು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ಮೈಯಲ್ಲಿ ಒಂದು ತೊಲ ಕೊಬ್ಬಿಲ್ಲ. ನನ್ನ ಪಾಲಿಗೆ ದೇಹ ಎನ್ನುವುದು ಹೇಳಿದ ಮಾತು ಕೇಳುವ ವಸ್ತು. ಓಡಿಸಿದರೆ ಇಳಿಯುತ್ತದೆ, ಕೂರಿಸಿದರೆ ಊದುತ್ತದೆ. ದಪ್ಪಗಿರುವವರನ್ನು ಕಂಡರೆ ಸೋಮಾರಿಗಳೆಂದು ಒಳಗೊಳಗೇ ತೀರ್ಮಾನ ಮಾಡಿಬಿಡುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಮದುವೆಯಾದಾಗ ಅವಳದು ತುಂಬಿಕೊಂಡ ಮೈ, ಅಷ್ಟೆ. ಕುಣಿಗಲ್ಲಿನ ಹುಡುಗಿ. ಎಸ್ಸೆಸ್ಸೆಲ್ಸಿ ಓದಿದ್ದಳು, ಓದುವ ಹುಚ್ಚಿತ್ತು, ಮಾತು ಕಡಿಮೆ. ಮಗಳು ಹುಟ್ಟಿದ ಮೇಲೆ ಅವಳು ದಪ್ಪಗಾಗುತ್ತಾ ಹೋದಳು. ಕೈಕಾಲು ಹಾಗೇ ಇದ್ದವು, ಹೊಟ್ಟೆ ಸೊಂಟ ಮಾತ್ರ ಬೆಳೆದವು. ಅದರ ಜೊತೆಗೆ ಕತ್ತಿನ ಹಿಂದೆ, ಕೂದಲು ಮುಗಿಯುವ ಕಡೆ, ಚರ್ಮ ಕಪ್ಪಾಗಿ ದಪ್ಪವಾಯಿತು. ಮುಟ್ಟಿದರೆ ಮಖಮಲ್ಲಿನ ಹಾಗೆ ಮೆತ್ತಗೆ. ಸ್ನಾನದಲ್ಲಿ ಸರಿಯಾಗಿ ಉಜ್ಜುವುದಿಲ್ಲವೆಂದು ನಾನೇ ಹೇಳಿದ್ದೆ. ಅವಳು ಕಡಲೆಹಿಟ್ಟು ಹಾಕಿ ಉಜ್ಜಿದಳು, ಸೀಗೆಪುಡಿ ಹಾಕಿ ಉಜ್ಜಿದಳು, ಕೊನೆಗೆ ತೆಂಗಿನ ನಾರು ತೆಗೆದುಕೊಂಡು ಉಜ್ಜಿ ರಕ್ತ ಬರಿಸಿಕೊಂಡಳು. ಆ ಕಪ್ಪು ಹೋಗಲಿಲ್ಲ. ಆಮೇಲೆ ಬಿಸಿಲು ಕಾಲದಲ್ಲೂ ಸೆರಗನ್ನು ಕತ್ತಿನ ಸುತ್ತ ಹೊದ್ದುಕೊಂಡೇ ಹೊರಗೆ ಬರುತ್ತಿದ್ದಳು.

ಒಂದು ವರ್ಷ ಸ್ಕೂಲ್ ಡೇಗೆ ಅವಳನ್ನೂ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಊಟದ ಹೊತ್ತಿಗೆ ಗಣಿತದ ಮೇಷ್ಟ್ರು ಎಲ್ಲರೆದುರು, "ಏನ್ ಸಾರ್, ಊರಿಗೆಲ್ಲಾ ಡ್ರಿಲ್ ಮಾಡಿಸ್ತೀರಿ, ಮನೇಲಿ ಮಾತ್ರ ರಜಾನಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ತಟ್ಟೆಯಲ್ಲಿದ್ದ ಅನ್ನವನ್ನು ಕಲಸುತ್ತಲೇ ಇದ್ದಳು, ಬಾಯಿಗೆ ಇಡಲಿಲ್ಲ. ಮನೆಗೆ ಬಂದವನೇ ನಾನು ಹೇಳಿದೆ: "ನಾಳೆಯಿಂದ ಐದೂವರೆಗೆ ಏಳು. ಆರು ತಿಂಗ್ಳಲ್ಲಿ ಹದಿನೈದು ಕೆಜಿ ಇಳಿಸ್ತೀನಿ ನಿನ್ನ."

ಅವಳು ಇಲ್ಲವೆನ್ನಲಿಲ್ಲ. ತಾನು ಇಳಿಯಬೇಕೆಂಬ ಆಸೆ ಅವಳಿಗೆ ನನಗಿಂತ ಹೆಚ್ಚಾಗಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಕೆರೆ ಏರಿಯ ಮೇಲೆ ಮೊದಲು ನಡಿಗೆ, ಆಮೇಲೆ ಓಟ. ಸೀರೆ ಎತ್ತಿ ಸಿಕ್ಕಿಸಿಕೊಂಡು, ನಾನು ತಂದುಕೊಟ್ಟ ಕ್ಯಾನ್ವಾಸ್ ಶೂ ಹಾಕಿಕೊಂಡು ಅವಳು ಓಡುತ್ತಿದ್ದಳು. ಹಾಲಿನವರು, ಹೊಲಕ್ಕೆ ಹೊರಟವರು ನಿಂತು ನೋಡುತ್ತಿದ್ದರು. ಮುಗಿದ ಕೂಡಲೇ ನಾನು ಒಂದು ದೊಡ್ಡ ಲೋಟದಲ್ಲಿ ಗ್ಲೂಕೋಸ್ ಪುಡಿ ಕಲಸಿ, ನಿಂಬೆಹಣ್ಣು ಹಿಂಡಿ ಕೊಡುತ್ತಿದ್ದೆ. ಕ್ರೀಡಾಕೂಟದಲ್ಲಿ ಓಟಗಾರರಿಗೆ ಕೊಡುವ ಹಾಗೆ. ಊಟಕ್ಕೂ ನನ್ನದೇ ಕಾನೂನು. ಕೊಬ್ಬು ತಿಂದರೆ ಕೊಬ್ಬು ಬರುತ್ತದೆ ಎಂಬ ಲೆಕ್ಕದಲ್ಲಿ ಎಣ್ಣೆ, ತುಪ್ಪ, ಹಾಲು ಮೊಸರು, ಕಡಲೆಕಾಯಿ, ತೆಂಗಿನಕಾಯಿ ಎಲ್ಲಾ ಬಂದ್. ಬೇಳೆ ಕಾಳು ಜೀರ್ಣವಾಗುವುದು ನಿಧಾನ ಎಂದು ಅವನ್ನೂ ಬಿಡಿಸಿದೆ. ಬೆಳಿಗ್ಗೆ ಅಕ್ಕಿ ಗಂಜಿ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಒಂದು ಮುದ್ದೆ. ಹಸಿವಾದರೆ ಬೆಲ್ಲದ ಕಾಫಿ, ಹಾಲಿಲ್ಲದೆ.

ಭಾನುವಾರ ಬಸ್ಸಿನಲ್ಲಿ ತುಮಕೂರಿಗೆ ಕರೆದುಕೊಂಡು ಹೋಗಿ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದೆ. ಬಣ್ಣದ ಬಲ್ಬುಗಳು ಮಿನುಗಿ, ಒಳಗಿನ ಚಕ್ರ ತಿರುಗಿ, ಕೆಳಗಿನ ಕಿಂಡಿಯಿಂದ ರಟ್ಟಿನ ಚೀಟಿ ಬೀಳುವ ತನಕ ಅವಳು ಉಸಿರು ಬಿಡುತ್ತಿರಲಿಲ್ಲ. ಮೊದಲ ವಾರ ಎಪ್ಪತ್ತೆಂಟು. ಎರಡನೇ ವಾರ ಎಪ್ಪತ್ತೇಳು. ಆರನೇ ವಾರ ಎಪ್ಪತ್ತೆಂಟು. ಎರಡು ತಿಂಗಳಾದಾಗ ಎಪ್ಪತ್ತೊಂಬತ್ತು.

ಆ ಚೀಟಿಯನ್ನು ನಾನು ಪ್ಲಾಟ್‌ಫಾರ್ಮಿನ ಮೇಲೆಯೇ ಎರಡು ಸಲ ಓದಿದೆ.

"ಏನ್ ತಿಂತಿದೀಯಾ ನೀನು?"

"ನೀವು ಹೇಳಿದ್ದನ್ನೇ ತಿಂತಿದೀನಿ ಕಣ್ರೀ."

"ಹಂಗಾದ್ರೆ ಇದು ಎಲ್ಲಿಂದ ಬಂತು? ಗಾಳಿ ಕುಡಿದ್ರೆ ಬರುತ್ತಾ?"

ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ನನ್ನ ಹೆಂಡತಿ ಮಗಳ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆಯತೊಡಗಿದಳು.

ಗುಬ್ಬಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರಿಗೆ ತೋರಿಸಿದೆ. ಅವರು ಅವಳನ್ನು ಮುಟ್ಟಿಯೂ ನೋಡಲಿಲ್ಲ. "ಬಾಯಿ ಕಟ್ಬೇಕಮ್ಮ, ಅಷ್ಟೆ. ದಪ್ಪಗಿರೋರೆಲ್ಲಾ ಏನೂ ತಿನ್ನಲ್ಲ ಅಂತಲೇ ಹೇಳಾದು," ಎಂದು ನನ್ನ ಕಡೆ ನೋಡಿ ನಕ್ಕರು. ನನ್ನ ಅನುಮಾನಕ್ಕೆ ಡಾಕ್ಟರರ ಮೊಹರು ಬಿದ್ದ ಹಾಗಾಯಿತು.

ಅಲ್ಲಿಂದ ಒಂದೂವರೆ ವರ್ಷ ನಾನು ಮನೆಯಲ್ಲಿ ಕಾವಲುಗಾರನಾಗಿದ್ದೆ. ಅವಳು ಊಟ ಮಾಡುವಾಗ ಎದುರಿಗೆ ಕೂತು ನೋಡುತ್ತಿದ್ದೆ. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು ಅಚ್ಚು ಎಷ್ಟು ಸವೆದಿದೆ ಎಂದು ನೋಡುತ್ತಿದ್ದೆ. ಒಂದು ದಿನ ಅಚ್ಚಿನ ಮೂಲೆ ಮುರಿದಿತ್ತು. ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ.

"ಹೌದು, ತಿಂದೆ. ಹನ್ನೊಂದು ಗಂಟೆಗೆ ಕೈ ಕಾಲು ನಡುಗೋಕೆ ಶುರುವಾಗತ್ತೆ. ಮೈಯೆಲ್ಲಾ ಬೆವರು. ಕಣ್ಣು ಕತ್ತಲೆ ಬರತ್ತೆ. ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಂಡ್ರೆ ನಿಲ್ಲತ್ತೆ."

"ದಿನಾ?"

"ವಾರದಲ್ಲಿ ಮೂರು ನಾಲ್ಕು ದಿನ."

ಆ ನಡುಕ ಯಾಕೆ ಬರುತ್ತದೆ ಎಂದು ನಾನು ಕೇಳಬೇಕಿತ್ತು. ನಾನು ಕೇಳಿಸಿಕೊಂಡದ್ದು 'ತಿಂದೆ' ಎನ್ನುವ ಒಂದು ಮಾತನ್ನು ಮಾತ್ರ. ಸಿಕ್ಕಿಬಿದ್ದಳು ಅಂದುಕೊಂಡೆ. ಮಾರನೆಯ ದಿನ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿದ್ದ ಒಂದು ಹಳೆಯ ಬೀಗ ತಂದು ಅಡುಗೆಮನೆಯ ಗೋಡೆ ಬೀರುವಿಗೆ ಹಾಕಿದೆ. ಬೆಲ್ಲ, ಸಕ್ಕರೆ, ಅವಲಕ್ಕಿ, ಕಡಲೆಕಾಯಿ ಎಲ್ಲಾ ಅದರೊಳಗೆ. ಅವಳ ಗಂಜಿಗೆ ಬೇಕಾದಷ್ಟು ಅಕ್ಕಿಯನ್ನು ಅಳೆದು ಹೊರಗಿಟ್ಟೆ. ಮಗಳ ಪಾಲಿನದನ್ನೂ ಬೇರೆ ಪಾತ್ರೆಯಲ್ಲಿಟ್ಟೆ. ಹೆಂಡತಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಬೀಗ ಹಾಕಿದ ಸದ್ದಿಗೆ ಒಮ್ಮೆ ಕಣ್ಣು ಮುಚ್ಚಿ ತೆಗೆದಳು. ಅಷ್ಟೆ.

ಬೀಗ ಹಾಕಿ ನಾಲ್ಕೈದು ದಿನವಾಗಿರಬೇಕು. ನಾನು ಜಿಲ್ಲಾ ಕ್ರೀಡಾಕೂಟಕ್ಕೆ ಹುಡುಗರ ತಂಡ ಕರೆದುಕೊಂಡು ತುಮಕೂರಿಗೆ ಹೋಗಿದ್ದೆ. ಮಧ್ಯಾಹ್ನ ರಿಲೇ ಓಟ ನಡೆಯುತ್ತಿದ್ದಾಗ ಮೈಕಿನಲ್ಲಿ ನನ್ನ ಶಾಲೆಯ ಹೆಸರು ಹೇಳಿ, ಡ್ರಿಲ್ ಮೇಷ್ಟ್ರು ಕೂಡಲೇ ಆಫೀಸಿಗೆ ಬರಬೇಕು ಎಂದರು. ಹೆಡ್‌ಮಾಸ್ಟರ ಫೋನು ಬಂದಿತ್ತು. ನಿಮ್ಮ ಮನೆಯವರು ಕೊಳಾಯಿ ಹತ್ತಿರ ಬಿದ್ದುಬಿಟ್ಟಿದ್ದಾರೆ, ತಕ್ಷಣ ಬನ್ನಿ. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ತಂಡವನ್ನು ಇನ್ನೊಬ್ಬ ಮೇಷ್ಟ್ರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಆ ದಿನ ಬಸ್ಸು ಪ್ರತಿ ಮರದ ಕೆಳಗೂ ನಿಲ್ಲುತ್ತಿದೆ ಅನ್ನಿಸುತ್ತಿತ್ತು.

ಮನೆಗೆ ಬಂದಾಗ ಅವಳು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಹಣೆಗೆ ಬಟ್ಟೆ ಕಟ್ಟಿತ್ತು, ಎಚ್ಚರವಿತ್ತು. ಮಗಳು ಅವಳ ಸೆರಗು ಹಿಡಿದುಕೊಂಡು ಕೂತಿದ್ದಳು. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ನನ್ನನ್ನು ತಡೆದಳು.

"ಬೆವರ್ ಸುರೀತಿತ್ತು, ಮೈಯೆಲ್ಲಾ ತಣ್ಣಗಾಗೋಗಿತ್ತು. ಒಸಿ ಸಕ್ರೆ ನೀರು ಕುಡ್ಸಾನ ಅಂತ ನಿಮ್ಮ ಅಡ್ಗೆಮನೆಗೆ ಹೋದ್ರೆ ಬೀಗ! ನಮ್ಮನೆಯಿಂದ ತಂದು ಕುಡಿಸ್ದೆ, ಎದ್ ಕೂತ್ಕೊಂಡ್ಳು. ಅಲ್ಲ ಮೇಷ್ಟ್ರೆ, ಮನೆಗೆ ಬೀಗ ಹಾಕಾದು ಕಂಡಿವ್ನಿ. ಕಟ್ಕೊಂಡೋಳ ಅನ್ನಕ್ಕೆ ಬೀಗ ಹಾಕಾದು ಇವತ್ತೇ ಕಂಡಿದ್ದು."

ನನ್ನ ಜೇಬಿನಲ್ಲಿ ಬೀಗದ ಕೈ ಇತ್ತು. ಅಜ್ಜಿಯ ಎದುರಿಗೆ ಅದನ್ನು ತೆಗೆಯಲು ನಾಚಿಕೆಯಾಗಿ, ಅವಳು ಹೋದ ಮೇಲೆ ಬೀರು ತೆಗೆದು ಬೀಗವನ್ನು ಹಿತ್ತಲಿಗೆ ಎಸೆದೆ.

ತುಮಕೂರಿನಲ್ಲಿ ಸದಾಶಿವನಗರದ ಕಡೆ ಒಬ್ಬ ಲೇಡಿ ಡಾಕ್ಟರು ಹೊಸದಾಗಿ ಕ್ಲಿನಿಕ್ ತೆಗೆದಿದ್ದಾರೆಂದು ನಮ್ಮ ಶಾಲೆಯ ಟೀಚರೊಬ್ಬರು ಹೇಳಿದರು. ಮರುದಿನವೇ ಹೋದೆವು. ಡಾಕ್ಟರಿಗೆ ನನ್ನದೇ ವಯಸ್ಸಿರಬಹುದು. ನಾನು ಬಾಯಿ ತೆರೆಯುವ ಮೊದಲೇ ಎದ್ದು ಬಂದು ನನ್ನ ಹೆಂಡತಿಯ ಸೆರಗನ್ನು ಮೆಲ್ಲಗೆ ಸರಿಸಿ ಕತ್ತು ನೋಡಿದರು.

"ಎಷ್ಟು ಉಜ್ಜಿದ್ರೂ ಹೋಗಲ್ಲ ಡಾಕ್ಟ್ರೇ," ಅಂದೆ.

"ಉಜ್ಜಬೇಡಿ. ಇದು ಕೊಳೆ ಅಲ್ಲ. ಒಳಗೆ ನಡೀತಿರೋದು ಹೊರಗೆ ಕಾಣ್ತಿದೆ."

ಆಮೇಲೆ ಅವಳನ್ನೇ ಕೇಳತೊಡಗಿದರು. ಪ್ರತಿ ಪ್ರಶ್ನೆಗೂ ನಾನೇ ಉತ್ತರ ಕೊಡುತ್ತಿದ್ದೆ. ಮೂರನೆಯ ಸಲ ಡಾಕ್ಟರು ಪೆನ್ನು ಕೆಳಗಿಟ್ಟರು. "ಮೇಷ್ಟ್ರೇ, ನೀವು ಸ್ವಲ್ಪ ಸುಮ್ಮನಿರಿ. ಅವ್ರು ಹೇಳ್ಲಿ."

ಅವಳು ಹೇಳಿದಳು. ಮುಟ್ಟು ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ ಆಗುತ್ತದೆ. ಗಲ್ಲದ ಮೇಲೆ ಕೂದಲು ಬರುತ್ತದೆ, ಕತ್ತರಿಸಿಕೊಳ್ಳುತ್ತೇನೆ. ಊಟವಾದ ಒಂದು ಗಂಟೆಗೆ ನಿದ್ದೆ ಒತ್ತಿಕೊಂಡು ಬರುತ್ತದೆ, ಎರಡು ಮೂರು ಗಂಟೆ ಕಳೆದರೆ ನಡುಕ, ಬೆವರು, ಬೆಲ್ಲ ತಿಂದರೆ ನಿಲ್ಲುತ್ತದೆ. ಇವರು ನಂಬುವುದಿಲ್ಲ ಎಂದು ಹೇಳುವುದನ್ನೇ ಬಿಟ್ಟಿದ್ದೇನೆ. ಇದನ್ನೆಲ್ಲ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹೇಳಿದಳು. ಅದೇ ಮನೆಯಲ್ಲಿ ಮಲಗಿ ಏಳುತ್ತಿದ್ದ ನನಗೆ ಇದರಲ್ಲಿ ಅರ್ಧ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದರು. ಅಂದು ಮೊದಲು ರಕ್ತ ತೆಗೆದರು. ಆಮೇಲೆ ಒಂದು ಲೋಟ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಆ ಲೋಟವನ್ನು ನೋಡಿದಾಗ ನನಗೆ ಒಂಥರಾ ಆಯಿತು, ಆದರೆ ಯಾಕೆಂದು ಇನ್ನೂ ತಿಳಿದಿರಲಿಲ್ಲ. ಎರಡು ಗಂಟೆ ನಾವು ಪಕ್ಕ ಪಕ್ಕ ಕೂತಿದ್ದೆವು. ಸಕ್ಕರೆ ಕಾಯಿಲೆ ಎಂದರೆ ಆಗ ನಮಗೆ ಗೊತ್ತಿದ್ದದ್ದು ಕಾಲು ಕತ್ತರಿಸುವುದು, ಕಣ್ಣು ಹೋಗುವುದು. ಅವಳಿಗೆ ಇಪ್ಪತ್ತೇಳು ವರ್ಷ. "ನನಗೇನಾದ್ರೂ ಆದ್ರೆ ಮಗೂನ ಅವ್ವನ ಹತ್ರ ಬಿಡಬೇಡಿ, ನೀವೇ ನೋಡ್ಕೊಳ್ಳಿ," ಎಂದಳು ಒಂದು ಸಲ. ನಾನು ಅದಕ್ಕೆ ಸಿಟ್ಟು ಮಾಡಿಕೊಂಡೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಸಂಜೆ ರಿಪೋರ್ಟು ಬಂತು. "ಖಾಲಿ ಹೊಟ್ಟೇಲಿ ಸಕ್ಕರೆ ಸರಿಯಾಗಿದೆ. ಗ್ಲೂಕೋಸ್ ಕುಡಿದ ಮೇಲೆ ಇಳಿಯಬೇಕಾದಷ್ಟು ಇಳಿದಿಲ್ಲ," ಎಂದರು ಡಾಕ್ಟರು. "ಸಕ್ಕರೆ ಕಾಯಿಲೆ ಅನ್ನೋಷ್ಟಿಲ್ಲ. ಚೆನ್ನಾಗಿದೆ ಅನ್ನೋಷ್ಟೂ ಇಲ್ಲ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಗ್ರೌಂಡಲ್ಲಿ ಸೀಟಿ ಊದಿದ್ರೆ ಹುಡುಗರು ಬರ್ತಾರಲ್ವಾ? ಒಂದಿನ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ ಅಂದ್ಕೊಳ್ಳಿ. ಏನ್ ಮಾಡ್ತೀರಿ?"

"ಇನ್ನೂ ಜೋರಾಗಿ ಊದ್ತೀನಿ."

"ಇವ್ರ ಮೈಯೂ ಅದನ್ನೇ ಮಾಡ್ತಿದೆ. ತಿಂದ ಅನ್ನ ರಕ್ತದಲ್ಲಿ ಸಕ್ಕರೆ ಆಗತ್ತೆ. ಅದನ್ನ ಮಾಂಸಖಂಡದೊಳಗೆ ಸೇರಿಸ್ಕೊಳ್ಳಿ ಅಂತ ಹೇಳೋಕೆ ಇನ್ಸುಲಿನ್ ಅನ್ನೋ ರಸ ಬರತ್ತೆ. ಇವ್ರ ಮೈಗೆ ಆ ಮಾತು ಸರಿಯಾಗಿ ಕೇಳಿಸ್ತಿಲ್ಲ. ಅದಕ್ಕೆ ಮೈ ಎರಡರಷ್ಟು ಮೂರರಷ್ಟು ಇನ್ಸುಲಿನ್ ಸುರೀತಿದೆ. ಆಗ ಸಕ್ಕರೆ ಹೆಂಗೋ ಒಳಗೆ ಹೋಗತ್ತೆ. ಆದ್ರೆ ಆ ಇನ್ಸುಲಿನ್ ಇನ್ನೊಂದು ಕೆಲಸಾನೂ ಮಾಡತ್ತೆ. ಅದು ರಕ್ತದಲ್ಲಿ ಜಾಸ್ತಿ ಇರೋ ತನಕ ಕೂಡಿಟ್ಟಿರೋ ಕೊಬ್ಬು ಸುಲಭಕ್ಕೆ ಕರಗಲ್ಲ. ಕೆಲವು ಸಲ ಹೊತ್ತು ಮೀರಿ ಸುರಿದುಬಿಟ್ಟು ಸಕ್ಕರೇನ ಜಾಸ್ತಿ ಇಳಿಸಿಬಿಡತ್ತೆ. ಆವಾಗಲೇ ಆ ನಡುಕ, ಬೆವರು, ತಡೆಯೋಕಾಗದ ಹಸಿವು. ಅವ್ರು ಬೆಲ್ಲ ತಿಂದಿದ್ದು ಚಪಲಕ್ಕಲ್ಲ, ಮೈ ಕೇಳಿದ್ದಕ್ಕೆ."

ಇನ್ಸುಲಿನ್ ಅಳೆಯುವ ಪರೀಕ್ಷೆ ಇಲ್ಲಿ ಆಗುವುದಿಲ್ಲ, ಕತ್ತು, ಸೊಂಟ, ಮುಟ್ಟು, ಈ ರಿಪೋರ್ಟು ಇವನ್ನೆಲ್ಲ ಒಟ್ಟಿಗೆ ನೋಡಿ ಹೇಳುತ್ತಿದ್ದೇನೆ ಎಂದೂ ಅವರು ಹೇಳಿದರು. ಆಮೇಲೆ, "ದಿನಾ ಏನೇನು ತಿಂತೀರಮ್ಮ? ಬೆಳಿಗ್ಗೆಯಿಂದ ಹೇಳಿ."

"ಓಡಿ ಬಂದ ಮೇಲೆ ಗ್ಲೂಕೋಸ್ ನೀರು..."

"ಏನು?"

"ಗ್ಲೂಕೋಸ್ ನೀರು. ಇವ್ರು ಕೊಡ್ತಾರೆ, ಶಕ್ತಿಗೆ ಅಂತ. ಆಮೇಲೆ ಗಂಜಿ."

ಡಾಕ್ಟರು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಮೇಷ್ಟ್ರೇ, ಇವತ್ತು ಬೆಳಿಗ್ಗೆ ಪರೀಕ್ಷೆಗೆ ಅಂತ ನಾನು ಒಂದು ಸಲ ಕುಡಿಸಿದ್ನಲ್ಲ, ಅದನ್ನ ನೀವು ದಿನಾ ಬೆಳಿಗ್ಗೆ ಕುಡಿಸ್ತಿದ್ರಿ. ಅದರ ಮೇಲೆ ಗಂಜಿ, ಅದರ ಮೇಲೆ ಅನ್ನ. ಬೇಳೆ ಇಲ್ಲ, ಕಾಳಿಲ್ಲ, ಮೊಸರಿಲ್ಲ. ಹೊಟ್ಟೆ ತುಂಬ್ಸೋದನ್ನೆಲ್ಲಾ ತೆಗೆದುಬಿಟ್ಟು ಬರೀ ಸಕ್ಕರೆ ಆಗೋದನ್ನ ಉಳಿಸಿದೀರಿ."

ಎಷ್ಟು ಲೋಟ ಕಲಸಿರಬಹುದು ನಾನು? ಪ್ರತಿ ಲೋಟವನ್ನೂ ಅವಳು ಮುಖ ಕಿವುಚದೆ ಕುಡಿದಿದ್ದಳು, ಗಂಡ ಪ್ರೀತಿಯಿಂದ ಕೊಡುವುದು ಇದೊಂದೇ ಎಂದು. ಇದನ್ನು ಅವಳು ಎಷ್ಟೋ ವರ್ಷದ ಮೇಲೆ ಮಗಳಿಗೆ ಹೇಳಿದಳಂತೆ.

ಹೊರಡುವಾಗ ಡಾಕ್ಟರು ಕೇಳಿದರು: "ನಿಮ್ಮ ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದ್ಯಾ? ತಾಯಿಗೆ?"

"ಅವ್ವ ಯಾವತ್ತೂ ಡಾಕ್ಟ್ರ ಹತ್ರ ಹೋಗಿಲ್ಲ."

"ಅವರ ಕತ್ತು?"

ಅವಳು ತಟ್ಟನೆ ನಿಂತಳು. "ಅವ್ವಂಗೂ ಹಿಂಗೇ ಕಪ್ಪಗಿದೆ. ಒಲೆ ಮುಂದೆ ಕೂತು ಕೂತು ಹಂಗಾಯ್ತು ಅಂತಿದ್ಳು." ಆಮೇಲೆ, "ಹೋದ ಸಲ ಹೋದಾಗ ಬಚ್ಚಲು ತುಂಬಾ ಇರುವೆ. ಮಳೆಗಾಲ ಅಲ್ವಾ, ಅದಕ್ಕೆ ಅಂದ್ಳು. ಕಾಲ್ಬೆರಳಿಗೆ ಬಟ್ಟೆ ಸುತ್ಕೊಂಡಿದ್ಳು. ಮುಳ್ಳು ಚುಚ್ಚಿತು ಅಂದ್ಳು."

ಡಾಕ್ಟರ ಮುಖ ಬದಲಾಯಿತು. ಕಪಾಟಿನಿಂದ ನೀಲಿ ದ್ರಾವಣದ ಒಂದು ಸಣ್ಣ ಶೀಶೆ, ಗಾಜಿನ ಕೊಳವೆ ತೆಗೆದುಕೊಟ್ಟು, ಹೇಗೆ ಕಾಯಿಸಬೇಕು, ಎಷ್ಟು ಹನಿ ಮೂತ್ರ ಹಾಕಬೇಕು ಎಂದು ತೋರಿಸಿದರು. ನೀಲಿಯಾಗಿಯೇ ಉಳಿದರೆ ಭಯವಿಲ್ಲ. ಹಸಿರಾದರೆ ಸ್ವಲ್ಪ ಸಕ್ಕರೆ ಇದೆ. ಹಳದಿಯಾದರೆ ಇನ್ನೂ ಹೆಚ್ಚು. "ಇಟ್ಟಿಗೆ ಬಣ್ಣಕ್ಕೆ ಬಂದ್ರೆ ಅವತ್ತೇ ಇಲ್ಲಿಗೆ ಕರ್ಕೊಂಡು ಬನ್ನಿ. ಅವರು ಏನೇ ಹೇಳ್ಲಿ, ಕೇಳ್ಬೇಡಿ."

ಮರುದಿನ ಬೆಳಿಗ್ಗೆ ನಾವಿಬ್ಬರೇ ಕುಣಿಗಲ್ಲಿಗೆ ಹೊರಟೆವು. ಮಗಳನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಟ್ಟಿದ್ದೆವು. ಶೀಶೆ ಕೊಳವೆ ಅವಳ ಮಡಿಲಲ್ಲಿ ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದವು. ದಾರಿಯುದ್ದಕ್ಕೂ ಒಂದು ಕೈಯನ್ನು ಅದರ ಮೇಲಿಟ್ಟುಕೊಂಡೇ ಇದ್ದಳು.

ಅತ್ತೆ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಹೇಳದೆ ಕೇಳದೆ ಬಂದದ್ದಕ್ಕೆ ಗಾಬರಿಯಾದರು. ನನ್ನ ಹೆಂಡತಿ ನೇರವಾಗಿ ಅವರ ಕಾಲ ಬಳಿ ಕೂತು ಬಟ್ಟೆ ಬಿಚ್ಚತೊಡಗಿದಳು.

"ಬುಡವ್ವ, ಅದೇನಿಲ್ಲ, ಮುಳ್ಳು ಚುಚ್ಚಿದ್ದು. ಅರಿಶಿನ ಸುಣ್ಣ ಹಾಕಿವ್ನಿ," ಎಂದು ಕಾಲು ಎಳೆದುಕೊಂಡರು. ಅವಳು ಬಿಡಲಿಲ್ಲ. ಕೊನೆಯ ಸುತ್ತು ಬಿಚ್ಚಿದಾಗ ವಾಸನೆ ಬಂತು. ಎಡಗಾಲಿನ ಎರಡನೆಯ ಬೆರಳು ತುದಿಯಿಂದ ಕಪ್ಪಾಗಿತ್ತು. ಅವಳು ಪಕ್ಕದ ಬೆರಳನ್ನು ಒತ್ತಿ ಕೇಳಿದಳು, "ನೋವಾಗತ್ತಾ?"

"ಇಲ್ಲ ಕಣವ್ವ. ಏನೂ ಗೊತ್ತಾಗಾಕಿಲ್ಲ. ಅದಕ್ಕೇ ಅಂದಿದ್ದು, ಏನಿಲ್ಲ ಅಂತ."

ಒಳಗೆ ಸೀಮೆಎಣ್ಣೆ ಸ್ಟವ್ ಹಚ್ಚಿದೆವು. ಬಟ್ಟೆಯಲ್ಲಿ ಕೊಳವೆ ಹಿಡಿದುಕೊಂಡು ನಾನು ನೀಲಿ ದ್ರಾವಣ ಕಾಯಿಸಿದೆ. ಅವಳು ಅತ್ತೆಯ ಮೂತ್ರವನ್ನು ಎಂಟು ಹನಿ ಎಣಿಸಿ ಹಾಕಿದಳು. ಕುದಿಯಿತು. ಒಂದು ಗಳಿಗೆ ನೀಲಿಯಾಗಿಯೇ ಇತ್ತು, ಅವಳು ಉಸಿರು ಬಿಟ್ಟಳು. ಆಮೇಲೆ ಕೆಳಗಿನಿಂದ ಹಸಿರು ಎದ್ದಿತು. ಹಸಿರು ನಿಲ್ಲಲಿಲ್ಲ, ಹಳದಿಯಾಯಿತು. ನೋಡನೋಡುತ್ತಿದ್ದ ಹಾಗೇ ಕೊಳವೆಯ ತುಂಬಾ ಇಟ್ಟಿಗೆ ಬಣ್ಣ ಕಟ್ಟಿಕೊಂಡಿತು.

"ಏನಾಯ್ತು ಅಳಿಯಂದ್ರೆ?" ಎಂದು ಅತ್ತೆ ಬಾಗಿಲಿಂದ ಕೇಳಿದರು.

"ಸೀರೆ ಬದಲಾಯ್ಸವ್ವ. ತುಮಕೂರಿಗೆ ಹೋಗ್ಬೇಕು," ಎಂದಳು ನನ್ನ ಹೆಂಡತಿ.

"ಅವರೆಕಾಯಿ ಬಿಡಿಸ್ತಾ ಕೂತಿವ್ನಿ, ಯಾವ ತುಮ್ಕೂರು? ಸೋಮವಾರ ಕಳೀಲಿ, ನೋಡಾನ."

"ಅವ್ವ, ಏಳು." ಅವಳು ಧ್ವನಿ ಏರಿಸಲಿಲ್ಲ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅತ್ತೆ ಮಗಳ ಮುಖ ನೋಡಿ ಎದ್ದರು.

ತುಮಕೂರಿನ ದೊಡ್ಡ ಆಸ್ಪತ್ರೆಗೆ ಆ ಡಾಕ್ಟರೇ ಚೀಟಿ ಬರೆದುಕೊಟ್ಟರು. ಪಾದವನ್ನೇ ಕತ್ತರಿಸಬೇಕಾಗಬಹುದು ಎಂದರು ಮೊದಲು ಅಲ್ಲಿನ ಸರ್ಜನ್. ಆರು ದಿನ ಇನ್ಸುಲಿನ್ ಚುಚ್ಚುಮದ್ದು ಕೊಟ್ಟು ಕಾದರು. ಆ ಆರು ದಿನವೂ ನನ್ನ ಹೆಂಡತಿ ವಾರ್ಡಿನ ನೆಲದ ಮೇಲೆ ಮಲಗಿದಳು. ಒಂದು ಸಲ ಕೇಳಿದಳು, "ಅವ್ವಂಗೆ ಹೊರಗಿಂದ ಇನ್ಸುಲಿನ್ ಚುಚ್ತಾರೆ, ನನ್ನ ಮೈಯಲ್ಲಿ ಅದೇ ಜಾಸ್ತಿ ಅಂತಾರೆ. ಇದು ಹೆಂಗೆ?" ನನಗೆ ಗೊತ್ತಿರಲಿಲ್ಲ. ಅವಳೇ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಳು. ವರ್ಷಗಟ್ಟಲೆ ಹೆಚ್ಚು ಹೆಚ್ಚು ಸುರಿದು ಸುರಿದು ಕೊನೆಗೆ ಅದನ್ನು ಮಾಡುವ ಗ್ರಂಥಿಯೇ ಸೋತುಹೋಗುತ್ತದಂತೆ. "ಅವ್ವ ಈಗ ಇರೋ ಕಡೆಗೆ ನಾನು ಹೊರಟಿದೀನಿ. ಇನ್ನೂ ಅರ್ಧ ದಾರೀಲಿದೀನಿ," ಎಂದಳು.

ಏಳನೆಯ ದಿನ ಒಂದು ಬೆರಳು ತೆಗೆದರು. ಪಾದ ಉಳಿಯಿತು.

ಅತ್ತೆಯನ್ನು ಗುಬ್ಬಿಗೇ ಕರೆದುಕೊಂಡು ಬಂದೆವು. ಅಂದಿನಿಂದ ಅಡುಗೆಮನೆ ನನ್ನ ಕೈಯಿಂದ ಪೂರಾ ತಪ್ಪಿಹೋಯಿತು. ಹುರುಳಿಕಾಳು, ಹೆಸರುಕಾಳು, ಸೊಪ್ಪು, ಮಜ್ಜಿಗೆ ವಾಪಸ್ ಬಂದವು. ಗಂಜಿ ಹೋಯಿತು. ಮುದ್ದೆ ಚಿಕ್ಕದಾಯಿತು, ಅನ್ನ ಎರಡು ಹಿಡಿಗೆ ಇಳಿಯಿತು, ಮೊದಲು ಕಾಳುಪಲ್ಯ ತಿಂದು ಆಮೇಲೆ ಅನ್ನ. ಕಾಫಿಗೆ ಬೆಲ್ಲವಿಲ್ಲ. ಊಟವಾದ ಮೇಲೆ ತಾಯಿ ಮಗಳು ಹಿತ್ತಲಲ್ಲಿ ಕಾಲು ಗಂಟೆ ನಡೆಯುತ್ತಿದ್ದರು, ಅತ್ತೆ ಕೋಲು ಹಿಡಿದು. ಒಂದು ತಿಂಗಳಿಗೆ ಅವಳ ನಡುಕ ನಿಂತಿತು. ಮೂರು ತಿಂಗಳಿಗೆ ಮುಟ್ಟು ಸರಿಹೋಗತೊಡಗಿತು. ಆದರೆ ತೂಕ? ಮೂರು ತಿಂಗಳಿಗೆ ಎರಡು ಕೆಜಿ. ಸೀರೆಗೆ ಒಂದು ನೆರಿಗೆ ಹೆಚ್ಚು ಬರುತ್ತಿತ್ತು, ಯಂತ್ರ ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ಮೊದಲು ಸೊಂಟ, ಆಮೇಲೆ ತೂಕ, ಅವಸರ ಮಾಡಬೇಡಿ ಎಂದಿದ್ದರು ಡಾಕ್ಟರು. ಇದೊಂದು ವಾರ ಎರಡು ವಾರದ ಮಾತಲ್ಲ, ಇಡೀ ಬದುಕಿನ ಕೆಲಸ ಎಂದೂ ಹೇಳಿದ್ದರು.

ಐದನೆಯ ತಿಂಗಳು ತೂಕ ಅಲ್ಲೇ ನಿಂತುಬಿಟ್ಟಿತು. ನಾಲ್ಕು ವಾರ, ಆರು ವಾರ. ಇಲ್ಲಿ ಒಂದು ಮಾತು ಬರೆಯದಿದ್ದರೆ ಸುಳ್ಳಾಗುತ್ತದೆ. ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಂದವನು ಯಾರೂ ಇಲ್ಲದ ಅಡುಗೆಮನೆಯಲ್ಲಿ ಹುರಿದ ಕಡಲೆಕಾಯಿಯ ಡಬ್ಬಿ ತೆಗೆದು ನೋಡುತ್ತಾ ನಿಂತಿದ್ದೆ. ಎಲ್ಲಾ ತಿಳಿದ ಮೇಲೂ. ಹಿಂದೆ ತಿರುಗಿದರೆ ಬಾಗಿಲಲ್ಲಿ ಅವಳು.

"ಎಣಿಸ್ತಿದೀರಾ?"

ನಾನು ಮುಚ್ಚಳ ಹಾಕಿದೆ. "ತಪ್ಪಾಯ್ತು."

"ಬೀಗ ಹಾಕಿದ್ದಕ್ಕೆ ನಾನು ನಿಮ್ಮನ್ನ ಏನೂ ಅಂದಿಲ್ಲ. ಕಾಯಿಲೆ ನಿಮಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಆದ್ರೆ ನಡುಗತ್ತೆ ಅಂತ ನಾನು ಹೇಳಿದ್ದೆ. ಅದನ್ನ ಕೇಳೋಕೆ ಕಾಯಿಲೆ ಹೆಸರು ಗೊತ್ತಿರ್ಬೇಕಾಗಿತ್ತಾ?"

ಒಳಕೋಣೆಯಿಂದ ಅತ್ತೆ ಕೆಮ್ಮಿದರು. "ಹೋಗಿ ಅವ್ವನ ಕಾಲಿನ ಪಟ್ಟಿ ಬಿಚ್ಚಿ," ಎಂದಳು ಅವಳು. "ಬಿಸಿನೀರು ತರ್ತೀನಿ."

ನಾನು ಹೋಗಿ ಪಟ್ಟಿ ಬಿಚ್ಚಿದೆ. ಗಾಯ ಒಣಗುತ್ತಾ ಬಂದಿತ್ತು. ಬೆರಳಿನ ಸಂದಿಗಳನ್ನೆಲ್ಲ ಒಂದೊಂದಾಗಿ ಒರೆಸಿದೆ. ಆಮೇಲಿನ ವರ್ಷಗಳಲ್ಲಿ ಅದು ನನ್ನದೇ ಕೆಲಸವಾಯಿತು. ಅತ್ತೆ ಮೊದಮೊದಲು ಅಳಿಯ ಕಾಲು ಮುಟ್ಟುವುದೇ ಎಂದು ಸೀರೆಯೊಳಗೆ ಕಾಲು ಎಳೆದುಕೊಳ್ಳುತ್ತಿದ್ದರು, ಆಮೇಲೆ ತಾವೇ ಚಾಚುತ್ತಿದ್ದರು.

ಒಂದು ವರ್ಷ ತುಂಬುವ ಹೊತ್ತಿಗೆ ಅವಳು ಏಳು ಕೆಜಿ ಇಳಿದಿದ್ದಳು. ನಾನು ಆರೇ ತಿಂಗಳಿಗೆ ಹದಿನೈದು ಎಂದಿದ್ದೆ. ಅವಳು ತೆಳ್ಳಗಾಗಲಿಲ್ಲ, ಯಾವತ್ತೂ ಆಗಲಿಲ್ಲ. ಕತ್ತಿನ ಕಪ್ಪು ಸ್ವಲ್ಪ ತಿಳಿಯಾಯಿತು. ಎರಡನೆಯ ಸಲದ ಗ್ಲೂಕೋಸ್ ಪರೀಕ್ಷೆಗೆ ಹೋದಾಗ ಡಾಕ್ಟರ ಕೋಣೆಯ ಬಾಗಿಲಲ್ಲಿ ಅವಳು ನಿಂತು, "ನೀವು ಹೊರಗೆ ಕೂತಿರಿ," ಎಂದಳು.

ನಾನು ಬೆಂಚಿನ ಮೇಲೆ ಕೂತೆ. ಒಳಗಿನಿಂದ ಇಬ್ಬರೂ ಮಾತಾಡುವುದು ಕೇಳುತ್ತಿತ್ತು, ಮಾತು ಏನೆಂದು ತಿಳಿಯುತ್ತಿರಲಿಲ್ಲ. ತುಂಬಾ ಹೊತ್ತಾಯಿತು. ಎದ್ದು ಬಾಗಿಲಿಗೆ ಕಿವಿಗೊಡಬೇಕೆನ್ನಿಸಿತು. ಎದ್ದೆ, ಮತ್ತೆ ಕೂತೆ. ಕೊನೆಗೆ ಅವಳು ರಿಪೋರ್ಟನ್ನು ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಾ ಬಂದಳು.

"ಏನಂದ್ರು?"

"ಸಕ್ಕರೆ ಇಳಿದಿದೆಯಂತೆ. ಕಾಯಿಲೆಯ ಗಡಿ ದಾಟಿಲ್ಲ. ಹಿಂಗೇ ನಡೆಸ್ಕೊಂಡು ಹೋಗು ಅಂದ್ರು." ಸೆರಗು ಸರಿಮಾಡಿಕೊಂಡಳು. "ನಡೀರಿ, ಬಸ್ಸು ಹೋಗತ್ತೆ."